ಪಾದರಸದ ಗುಟ್ಟು ಬಿಟ್ಟುಕೊಟ್ಟ ಕಲ್ಲುಹೂ

ತಾಳವಾಡಿ: ಮಸಾಲೆಗೆ ಚಿಟಿಕೆಯಷ್ಟು ಬೀಳುವ ಕಲ್ಲುಹೂ ಬೆಟ್ಟದ ಜನಕ್ಕೆ ಹೊಸದಲ್ಲ. ಕಾಡಿನ ಮರ, ಬಂಡೆಗಳಿಂದ ಅದನ್ನು ಬಿಡಿಸಿ ತಂದು ಮಾರುವುದು ಸೋಲಿಗರ ಹಳೆಯ ಕಸುಬು. ಇದೇ ಜಾತಿಯ ಕಲ್ಲುಹೂ ಒಂದು ಕಾರ್ಖಾನೆಯ ಪಾದರಸದ ಗುಟ್ಟು ಬಿಟ್ಟುಕೊಟ್ಟಿತು ಅಂದರೆ ನಂಬಲೇಬೇಕು. ಅದು ನಡೆದದ್ದು ತಮಿಳುನಾಡಿನದೇ ಇನ್ನೊಂದು ಬೆಟ್ಟದಲ್ಲಿ, ದಿಂಡಿಗಲ್ ಜಿಲ್ಲೆಯ ಕೊಡೈಕೆನಾಲ್‌ನಲ್ಲಿ.

ಅಮೆರಿಕದ ವಾಟರ್‌ಟೌನ್‌ನಲ್ಲಿದ್ದ ಥರ್ಮಾಮೀಟರ್ ಕಾರ್ಖಾನೆ 1980ರ ದಶಕದಲ್ಲಿ ಕೊಡೈಕೆನಾಲ್‌ಗೆ ಬಂತು. ಮೊದಲು ಪಾಂಡ್ಸ್, ನಂತರ ಹಿಂದೂಸ್ತಾನ್ ಲೀವರ್ ಅದನ್ನು ನಡೆಸಿದವು. 2001ರ ಮಾರ್ಚ್‌ನಲ್ಲಿ ಊರಿನ ಗುಜರಿ ಅಂಗಡಿಯೊಂದರಲ್ಲಿ ಪಾದರಸ ಮೆತ್ತಿದ 7.4 ಟನ್ ಗಾಜಿನ ಚೂರು ಸಿಕ್ಕಾಗ ಜನ ರೊಚ್ಚಿಗೆದ್ದರು, ಕಾರ್ಖಾನೆ ನಿಂತಿತು. 2003ರಲ್ಲಿ ಸುಮಾರು 290 ಟನ್ ತ್ಯಾಜ್ಯ ಹಡಗು ಹತ್ತಿ ಅಮೆರಿಕಕ್ಕೇ ವಾಪಸ್ ಹೋಯಿತು.

ಕಣ್ಣಿಗೆ ಕಂಡದ್ದೇನೋ ಹೋಯಿತು. ಗಾಳಿಗೆ ಸೇರಿದ್ದು? ಪಾದರಸ ಕಾಯಿಸದಿದ್ದರೂ ಆವಿಯಾಗುತ್ತದೆ, ಆ ಆವಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ ಸೇರಿದ ಹೈದರಾಬಾದ್ ಪ್ರಯೋಗಾಲಯದ ವಿಜ್ಞಾನಿಗಳು ಇಲ್ಲಿ ಕಲ್ಲುಹೂವಿನ ಮೊರೆ ಹೋದರು. ಅದಕ್ಕೆ ಬೇರಿಲ್ಲ, ನೀರು ಆಹಾರ ಎಲ್ಲಾ ಗಾಳಿ ಮಳೆಯಿಂದಲೇ. ಗಾಳಿಯಲ್ಲಿದ್ದದ್ದು ವರ್ಷಗಟ್ಟಲೆ ಅದರ ಮೈಯಲ್ಲಿ ಉಳಿದುಬಿಡುತ್ತೆ. ಕಾರ್ಖಾನೆ ಸುತ್ತಲಿನ ಮರಗಳಿಂದ ತೆಗೆದ ಕಲ್ಲುಹೂ, ಪಾಚಿಯಲ್ಲಿ ದೂರದ ಜಾಗಗಳಿಗಿಂತ ಹಲವು ಪಟ್ಟು ಹೆಚ್ಚು ಪಾದರಸ ಸಿಕ್ಕಿತು. 2003ರಲ್ಲಿ ಈ ಅಧ್ಯಯನ ಪ್ರಕಟವಾಯಿತು.

2006ರಲ್ಲಿ ಅದೇ ತಂಡ ಕೆರೆಯ ಲೆಕ್ಕ ಹೇಳಿತು. ಪ್ರವಾಸಿಗರು ದೋಣಿ ಹತ್ತುವ ಕೊಡೈ ಕೆರೆಯ ನೀರು, ಕೆಸರು, ಮೀನು ಎಲ್ಲದರಲ್ಲೂ ಪಾದರಸ. ಕೆಸರಿನ ಸೂಕ್ಷ್ಮಜೀವಿಗಳು ಇದನ್ನು ಮೀಥೈಲ್ ಪಾದರಸ ಮಾಡುತ್ತವೆ. ಮಿದುಳು ನರಗಳನ್ನು ಹಾಳುಗೆಡವುವ, ಮೀನಿನಿಂದ ಮನುಷ್ಯನಿಗೆ ದಾಟುವ ರೂಪ ಅದು. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಬೆಳಕಿಗೆ ಬಂದ ಕಾಯಿಲೆಗೂ ಇದೇ ಕಾರಣ. ಕೊಡೈ ಕೆರೆಯ ಕೆಸರಿನಲ್ಲಿದ್ದ ಪಾದರಸದಲ್ಲಿ ಶೇ. 6ರಷ್ಟು ಈ ರೂಪದಲ್ಲಿತ್ತು. ದೂರದ ಬೇರಿಜಂ ಕೆರೆಯಲ್ಲಿ ಶೇ. 3ರಿಂದ 4.

ಕೆಲಸಗಾರರ ಆರೋಗ್ಯಕ್ಕೆ ಧಕ್ಕೆಯಾಗಿಲ್ಲ ಎಂಬುದೇ ಕಂಪನಿಯ ವಾದ. ಆದರೂ ದೀರ್ಘ ಕೋರ್ಟು ವ್ಯಾಜ್ಯದ ಕೊನೆಗೆ 2016ರ ಮಾರ್ಚ್‌ನಲ್ಲಿ 591 ಮಾಜಿ ಕಾರ್ಮಿಕರ ಜತೆ ರಾಜಿಯಾಯಿತು. ಇನ್ನು ಮಣ್ಣಿನ ಪ್ರಶ್ನೆ. ಕಿಲೋ ಮಣ್ಣಿಗೆ 20 ಮಿಲಿಗ್ರಾಂ ಪಾದರಸ ಉಳಿದರೆ ಸಾಕು ಎಂದು ಮಿತಿ ಗೊತ್ತಾಯಿತು. ಕೆಳಗೆ ಪಾಂಬಾರ್ ಶೋಲಾ ಕಾಡಿದೆ, ಹಳ್ಳದ ನೀರು ಬಯಲಿಗೆ ಇಳಿಯುತ್ತೆ, ಈ ಮಿತಿ ತೀರಾ ಸಡಿಲ ಅಂತ ಪರಿಸರ ಹೋರಾಟಗಾರರು ಪಟ್ಟು ಹಿಡಿದರು.

ತಾಳವಾಡಿಯಲ್ಲಿ ಅಂಥ ಕಾರ್ಖಾನೆ ಇಲ್ಲ ನಿಜ. ಹಳೇ ಗಾಜಿನ ಥರ್ಮಾಮೀಟರ್ ಮಾತ್ರ ಇನ್ನೂ ಎಷ್ಟೋ ಮನೆಯ ಗೂಡಿನಲ್ಲಿದೆ. ಅದು ಒಡೆದರೆ ಉರುಳುವ ಬೆಳ್ಳಿ ಗುಂಡಿನ ಜತೆ ಮಕ್ಕಳು ಆಡ್ತಾರೆ. ಆಡಲು ಬಿಡಬೇಡಿ. ಕಿಟಕಿ ಬಾಗಿಲು ತೆರೆದು ಮಕ್ಕಳನ್ನು ಹೊರಗೆ ಕಳಿಸಿ. ಪೊರಕೆಯಲ್ಲಿ ಗುಡಿಸಿದರೆ ಗುಂಡು ಪುಡಿಯಾಗಿ ಮೂಲೆಮೂಲೆಗೂ ಹೋಗುತ್ತದೆ. ಗಟ್ಟಿ ಕಾಗದದಿಂದ ಒಟ್ಟುಮಾಡಿ ಮುಚ್ಚಳದ ಬಾಟಲಿಗೆ ಹಾಕಿ. ಒಲೆಗಂತೂ ಎಸೆಯಲೇಬಾರದು, ಮೋರಿಗೂ ಚೆಲ್ಲಬಾರದು.