ನೀಟ್ ಕೋಚಿಂಗ್: ಹಣ ಕಟ್ಟುವ ಮುನ್ನ

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್ ಕಡೆಯ ಕುಟುಂಬಗಳು ಟ್ರಸ್ಟ್‌ಗೆ ಸಲ್ಲಿಸುವ ಅರ್ಜಿಗಳಲ್ಲಿ ನೀಟ್ ಕೋಚಿಂಗ್ ಶುಲ್ಕದ ಕೋರಿಕೆಯೂ ಇರುತ್ತದೆ. ಪೋಷಕರು ಮೊದಲು ಕೇಳುವುದು, ‘ಯಾವ ಸೆಂಟರ್ ಒಳ್ಳೆಯದು?’ ಎಂದು. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ: ನಮ್ಮ ಮಗುವಿಗೆ ಕೊರತೆ ಇರುವುದು ಎಲ್ಲಿ?

ಎಂಬಿಬಿಎಸ್, ಬಿಡಿಎಸ್, ಆಯುಷ್ ಪದವಿ ಸೀಟುಗಳಿಗೆ ನೀಟ್ ಅಂಕವೇ ಆಧಾರ. 2025ರ ಮಾದರಿಯಂತೆ 180 ಪ್ರಶ್ನೆ, 180 ನಿಮಿಷ, ಒಟ್ಟು 720 ಅಂಕ. ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90 ಪ್ರಶ್ನೆಗಳು. ಸರಿ ಉತ್ತರಕ್ಕೆ 4 ಅಂಕ ಸಿಗುತ್ತದೆ, ತಪ್ಪು ಉತ್ತರಕ್ಕೆ 1 ಅಂಕ ಕಳೆಯುತ್ತದೆ. ಕನ್ನಡ, ಉರ್ದು ಸೇರಿ 13 ಭಾಷೆಗಳಲ್ಲಿ ಬರೆಯಬಹುದು. ಆದರೆ ಕೋಚಿಂಗ್ ಪಾಠ ಬಹುತೇಕ ಇಂಗ್ಲಿಷಿನಲ್ಲೇ ನಡೆಯುತ್ತದೆ. ಕನ್ನಡ ಅಥವಾ ಉರ್ದು ಮಾಧ್ಯಮದಿಂದ ಬಂದ ಮಕ್ಕಳು ಸೇರುವ ಮುನ್ನ ಕೆಲವು ದಿನ ಡೆಮೊ ತರಗತಿಯಲ್ಲಿ ಕುಳಿತು ನೋಡಲಿ.

ಪಿಯುಸಿ ಮುಗಿಸಿ ಮತ್ತೊಮ್ಮೆ ನೀಟ್ ಬರೆಯುವವರು ಒಂದು ಭಾನುವಾರ ಮನೆಯಲ್ಲೇ, ಗಡಿಯಾರ ಇಟ್ಟುಕೊಂಡು, ಹಿಂದಿನ ವರ್ಷದ ಪ್ರಶ್ನೆಪತ್ರಿಕೆ ಬಿಡಿಸಲಿ. ಹೋದ ಅಂಕಗಳನ್ನು ಮೂರು ಪಟ್ಟಿ ಮಾಡಿ: ಪಾಠವೇ ಗೊತ್ತಿಲ್ಲದ್ದು, ಗೊತ್ತಿದ್ದೂ ತಪ್ಪಾದದ್ದು, ಸಮಯ ಸಾಲದೆ ಬಿಟ್ಟದ್ದು. ಗೊತ್ತಿದ್ದೂ ತಪ್ಪಾದ 10 ಪ್ರಶ್ನೆ ಸರಿಯಾದರೆ 50 ಅಂಕ ಏರುತ್ತದೆ. ಎರಡನೆಯ ಮತ್ತು ಮೂರನೆಯ ಪಟ್ಟಿ ಉದ್ದವಿದ್ದರೆ ಬೇಕಾದದ್ದು ಟೆಸ್ಟ್ ಸೀರೀಸ್ ಮತ್ತು ತಪ್ಪು ತಿದ್ದುವ ಒಬ್ಬ ಶಿಕ್ಷಕರು. ಇಡೀ ವರ್ಷದ ಲಾಂಗ್ ಟರ್ಮ್ ಕೋರ್ಸ್ ಅಲ್ಲ. ಮೊದಲ ಪಟ್ಟಿಯೇ ಉದ್ದವಿದ್ದರೆ ಕೆಲವು ವಾರಗಳ ಕ್ರ್ಯಾಶ್ ಕೋರ್ಸ್‌ನಿಂದ ಪ್ರಯೋಜನ ಕಡಿಮೆ. ಅಂಥವರಿಗೆ ಮೊದಲಿನಿಂದ ಪಾಠ ಬೇಕು.

ಎಸ್ಸೆಸ್ಸೆಲ್ಸಿ ಮುಗಿಸಿದವರ ಮುಂದಿರುವುದು ಎರಡು ದಾರಿ: ಕಾಲೇಜಿನಲ್ಲೇ ಕೋಚಿಂಗ್ ಸೇರಿರುವ ಇಂಟಿಗ್ರೇಟೆಡ್ ಪಿಯು, ಇಲ್ಲವೇ ಸಾಮಾನ್ಯ ಪಿಯು ಜೊತೆಗೆ ಸಂಜೆ ಅಥವಾ ವಾರಾಂತ್ಯದ ಕೋಚಿಂಗ್. ಮೊದಲನೆಯದರಲ್ಲಿ ಓಡಾಟ ಕಡಿಮೆ. ಆದರೆ ಮಗು ಮನಸ್ಸು ಬದಲಿಸಿದರೆ ಹೊರಬರುವುದು ಕಷ್ಟ. ಎರಡನೆಯದರಲ್ಲಿ ತರಗತಿ ಎಷ್ಟು ಹೊತ್ತಿಗೆ ಬಿಡುತ್ತದೆ, ಮನೆಗೆ ಬಸ್ಸು ಅಥವಾ ಮೆಟ್ರೊ ಇದೆಯೇ ಎಂದು ನೋಡಿ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಡಿ ಬಿಎಂಟಿಸಿ ಸಾಮಾನ್ಯ ಬಸ್ಸು ಉಚಿತ. ಆದರೂ ದಿನಕ್ಕೆ ಎರಡು ಗಂಟೆ ರಸ್ತೆಯಲ್ಲೇ ಕಳೆದರೆ ಓದಲು ಉಳಿಯುವುದೇನು? ಹತ್ತಿರದ ಸಾಧಾರಣ ಸೆಂಟರ್ ಎಷ್ಟೋ ಸಲ ದೂರದ ಹೆಸರಾಂತ ಸೆಂಟರ್‌ಗಿಂತ ಮೇಲು.

ಜಾಹೀರಾತಿನ ರ್‍ಯಾಂಕ್ ಫೋಟೊ ನೋಡಿ ನಿರ್ಧರಿಸಬೇಡಿ. ಈ ಶಾಖೆಯಲ್ಲಿ ಎಷ್ಟು ಮಕ್ಕಳು ಪರೀಕ್ಷೆ ಬರೆದರು, ಎಷ್ಟು ಮಂದಿಗೆ ಸರ್ಕಾರಿ ಸೀಟು ಸಿಕ್ಕಿತು, ಅವರು ಇಡೀ ವರ್ಷ ಇಲ್ಲಿ ಓದಿದವರೇ ಅಥವಾ ಟೆಸ್ಟ್ ಮಾತ್ರ ಬರೆದವರೇ ಎಂದು ಕೇಳಿ. ಒಂದು ಬ್ಯಾಚ್‌ನಲ್ಲಿ ಎಷ್ಟು ಮಕ್ಕಳು, ಟೆಸ್ಟ್ ಆದ ಮೇಲೆ ತಪ್ಪುಗಳನ್ನು ಯಾರು ಕುಳಿತು ವಿವರಿಸುತ್ತಾರೆ ಎಂಬುದನ್ನೂ ಕೇಳಿ. ಸೀಟು ಖಚಿತ ಎಂಬ ಸುಳ್ಳು ಭರವಸೆಯ ಜಾಹೀರಾತನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2024ರ ಮಾರ್ಗಸೂಚಿ ನಿಷೇಧಿಸಿದೆ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಹಣದ ವಿಷಯದಲ್ಲಿ ಮೂರು ಮಾತು. ಒಂದು, ಹೇಳಿದ ಶುಲ್ಕದಲ್ಲಿ 18% ಜಿಎಸ್‌ಟಿ ಸೇರಿದೆಯೇ ಎಂದು ಕೇಳಿ. ಇಲ್ಲದಿದ್ದರೆ ಒಂದು ಲಕ್ಷ ಎಂದದ್ದು 1,18,000 ಆಗುತ್ತದೆ. ಎರಡು, ಮಧ್ಯದಲ್ಲಿ ಬಿಟ್ಟರೆ ಉಳಿದ ಅವಧಿಯ ಶುಲ್ಕವನ್ನು 10 ದಿನದೊಳಗೆ ಹಿಂತಿರುಗಿಸಬೇಕೆಂದು ಕೇಂದ್ರ ಶಿಕ್ಷಣ ಸಚಿವಾಲಯದ ಜನವರಿ 2024ರ ಮಾರ್ಗಸೂಚಿ ಹೇಳುತ್ತದೆ. ಸೆಂಟರ್‌ನ ನಿಯಮ ಏನೆಂದು ಬರಹದಲ್ಲಿ ಪಡೆಯಿರಿ. ಮೂರು, ‘ತಿಂಗಳ ಕಂತು’ ಎಂದು ಸಹಿ ಹಾಕಿಸುವ ಕಾಗದ ಫೈನಾನ್ಸ್ ಕಂಪನಿಯ ಸಾಲವೂ ಆಗಿರಬಹುದು. ಹಾಗಿದ್ದರೆ ಮಗು ಕೋರ್ಸ್ ಬಿಟ್ಟರೂ ಸಾಲ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ. ಬಡ್ಡಿ ಬೇಡವೆನ್ನುವ ಕುಟುಂಬಗಳು ಸೆಂಟರ್‌ಗೇ ನೇರವಾಗಿ ಕಂತಿನಲ್ಲಿ ಕಟ್ಟಲು ಅವಕಾಶ ಕೇಳಲಿ. ಒಡವೆ ಅಡವಿಡುವ ಮುನ್ನ ನಮ್ಮೊಂದಿಗೆ ಮಾತಾಡಿ.

ಖರ್ಚಿಲ್ಲದ ದಾರಿಯೂ ಇದೆ. ಎನ್‌ಸಿಇಆರ್‌ಟಿ ಪುಸ್ತಕಗಳು ಉಚಿತವಾಗಿ ಡೌನ್‌ಲೋಡ್ ಆಗುತ್ತವೆ. ಶಿಕ್ಷಣ ಸಚಿವಾಲಯ ಮತ್ತು ಐಐಟಿ ಕಾನ್ಪುರದ ‘ಸಾಥಿ’ ವೇದಿಕೆಯಲ್ಲಿ ನೀಟ್ ಪಾಠ, ಅಭ್ಯಾಸ ಪರೀಕ್ಷೆ ಉಚಿತ. ತಾನೇ ಕುಳಿತು ಓದುವ ಮಗುವಿಗೆ ಇವುಗಳ ಜೊತೆ ಒಂದು ವಿಷಯದ ಟ್ಯೂಷನ್ ಸಾಕಾಗಬಹುದು.

ಕೋಚಿಂಗ್ ನೆರವು ಕೋರುವವರು ಅರ್ಜಿಯೊಂದಿಗೆ ಅಂಕಪಟ್ಟಿ, ಮತ್ತೊಮ್ಮೆ ಬರೆಯುವವರಾದರೆ ಮೇಲೆ ಹೇಳಿದ ಮೂರು ಪಟ್ಟಿ, ಜಿಎಸ್‌ಟಿ ಸೇರಿದ ಶುಲ್ಕದ ವಿವರ ಮತ್ತು ಹಣ ಹಿಂತಿರುಗಿಸುವ ನಿಯಮದ ಪ್ರತಿ ತರಬೇಕು. ದಾನಿಗಳು ನಂಬಿ ಕೊಟ್ಟ ಹಣ ಇದು. ಒಬ್ಬರಿಗೆ ಬೇಡದ ದುಬಾರಿ ಕೋರ್ಸ್ ತಪ್ಪಿದರೆ, ಅದೇ ಮೊತ್ತದಲ್ಲಿ ಇನ್ನೊಂದು ಮಗುವೂ ಓದುತ್ತದೆ.