ಶ್ವಾಸಕೋಶದ ಸೋಂಕು: ನಂಜಾಣುಗಳ ಸಂಖ್ಯೆಯೂ ರೋಗಿಯ ಸ್ಥಿತಿಯೂ

ಬತ್ತದ ಗದ್ದೆಯಲ್ಲಿ ಬುಡವೊಂದಕ್ಕೆ ಎಷ್ಟು ಜಿಗಿಹುಳುಗಳಿವೆ ಎಂದು ಎಣಿಸಿದ ಮೇಲೆಯೇ ಔಷಧಿ ಸಿಂಪಡಿಸುವುದು ಸರಿಯಾದ ಕ್ರಮ. ಆದರೆ ಹುಳುಗಳ ಸಂಖ್ಯೆಯೊಂದರಿಂದಲೇ ನಷ್ಟ ಎಷ್ಟೆಂದು ಹೇಳಲಾಗದು. ಪೈರಿನ ವಯಸ್ಸು, ಕಸುವು, ತಳಿ ಇವೂ ಲೆಕ್ಕಕ್ಕೆ ಬರುತ್ತವೆ. ಮನುಷ್ಯರ ಶ್ವಾಸಕೋಶಕ್ಕೆ ತಗಲುವ ನಂಜುರೋಗಗಳಿಗೂ ಇದೇ ಮಾತು ಸಲ್ಲುತ್ತದೆ. ಪರೀಕ್ಷಾ ವರದಿಯ ಒಂದು ಅಂಕಿಯನ್ನು ನೋಡಿ ಎದೆಗುಂದುವುದೂ ತಪ್ಪು, ನಿಶ್ಚಿಂತರಾಗಿ ಆಸ್ಪತ್ರೆಗೆ ಹೋಗಲು ತಡಮಾಡುವುದು ಇನ್ನೂ ದೊಡ್ಡ ತಪ್ಪು.

ಸಿಟಿ ಅಂಕಿ ಎಂದರೇನು?

ಮೂಗು, ಗಂಟಲಿನಿಂದ ತೆಗೆದ ಮಾದರಿಯಲ್ಲಿರುವ ನಂಜಾಣುವಿನ ಅಂಶವನ್ನು ಆರ್‌ಟಿ-ಪಿಸಿಆರ್ ಯಂತ್ರವು ಪ್ರತಿ ಸುತ್ತಿಗೆ ಇಮ್ಮಡಿಗೊಳಿಸುತ್ತಾ ಹೋಗುತ್ತದೆ. ಎಷ್ಟನೆಯ ಸುತ್ತಿಗೆ ಅದು ಪತ್ತೆಯಾಯಿತೋ ಅದೇ ಸಿಟಿ ಅಂಕಿ. ಎದೆಯ ಸಿ.ಟಿ. ಸ್ಕ್ಯಾನಿಗೂ ಇದಕ್ಕೂ ಸಂಬಂಧವಿಲ್ಲ. ಅಂಕಿ ಕಡಿಮೆಯಾದಷ್ಟೂ ನಂಜಾಣುಗಳು ಹೆಚ್ಚು. 25ಕ್ಕೂ 35ಕ್ಕೂ ಅಂತರ 10 ಸುತ್ತು. ಅಂದರೆ ಸುಮಾರು 1,000 ಪಟ್ಟು ವ್ಯತ್ಯಾಸ.

ಅಂಕಿ ಹೇಳುವುದೆಷ್ಟು?

2020ರಲ್ಲಿ ನ್ಯೂಯಾರ್ಕ್ ನಗರದ ಆಸ್ಪತ್ರೆಗಳಿಗೆ ದಾಖಲಾದ 678 ಕೋವಿಡ್ ರೋಗಿಗಳನ್ನು ಪರಿಶೀಲಿಸಲಾಯಿತು. ಅಂಕಿ 25ಕ್ಕಿಂತ ಕಡಿಮೆ ಇದ್ದವರಲ್ಲಿ ಶೇ. 35ರಷ್ಟು, 30ಕ್ಕಿಂತ ಹೆಚ್ಚಿದ್ದವರಲ್ಲಿ ಶೇ. 6ರಷ್ಟು ಮಂದಿ ತೀರಿಕೊಂಡಿದ್ದರು. ಗುಂಪಿನ ಮಟ್ಟಿಗೆ ಸಂಬಂಧವಿರುವುದು ಇದರಿಂದ ಸ್ಪಷ್ಟ. ಆದರೆ ಒಬ್ಬ ರೋಗಿಯ ಗತಿಯನ್ನು ಇದರಿಂದ ನಿರ್ಧರಿಸಲಾಗದು. ಮಾದರಿಯನ್ನು ಸರಿಯಾಗಿ ತೆಗೆಯದಿದ್ದರೂ, ತಡವಾಗಿ ತೆಗೆದರೂ ಅಂಕಿ ಏರುತ್ತದೆ. ಆದ್ದರಿಂದಲೇ ಚಿಕಿತ್ಸೆ ನಿರ್ಧರಿಸಲು ಸಿಟಿ ಅಂಕಿಯನ್ನು ನೆಚ್ಚಬಾರದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರ ಆಗಸ್ಟಿನಲ್ಲಿ ತಿಳಿಸಿತು.

ಕಾಲದ ಮಹತ್ವ

ಕೋವಿಡ್‌ನಲ್ಲಿ ಮೂಗು, ಗಂಟಲಿನ ನಂಜಾಣುಗಳು ರೋಗಲಕ್ಷಣ ತೋರಿದ ಮೊದಲ ದಿನಗಳಲ್ಲಿ ಅತಿ ಹೆಚ್ಚು. ಉಸಿರಾಟದ ತೊಂದರೆ ಬಿಗಡಾಯಿಸುವುದು ಸಾಮಾನ್ಯವಾಗಿ ಎರಡನೆಯ ವಾರದ ಹೊತ್ತಿಗೆ, ಅಂದರೆ ನಂಜಾಣುಗಳು ಇಳಿಮುಖವಾದಾಗ. ಆಗ ಹಾನಿ ಮಾಡುವುದು ಬಹುಮಟ್ಟಿಗೆ ದೇಹದ್ದೇ ಉರಿಯೂತ. ಇದನ್ನು ತಗ್ಗಿಸುವ ಡೆಕ್ಸಾಮೆಥಸೋನ್ ಔಷಧಿಯು ಕೃತಕ ಉಸಿರಾಟದಲ್ಲಿದ್ದವರ ಸಾವನ್ನು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆ ಮಾಡಿದ್ದು 2020ರಲ್ಲಿ ಬ್ರಿಟನ್ನಿನಲ್ಲಿ ಕಂಡುಬಂದಿತು. ಆಮ್ಲಜನಕದ ಅವಶ್ಯಕತೆಯಿಲ್ಲದ ರೋಗಿಗಳಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಇದಕ್ಕೆ ಬದಲಾಗಿ, ಫ್ಲೂ ಜ್ವರದ ಒಸೆಲ್ಟಮಿವಿರ್ ನಂಜಾಣುವಿನ ವೃದ್ಧಿಯನ್ನೇ ತಡೆಯುವುದರಿಂದ ಮೊದಲ 48 ಗಂಟೆಗಳೊಳಗೆ ಕೊಟ್ಟರೆ ಹೆಚ್ಚು ಫಲಕಾರಿ.

ಮನೆಯವರು ಗಮನಿಸಬೇಕಾದ ಅಂಶಗಳು

1. ವಿಶ್ರಾಂತಿಯಲ್ಲಿದ್ದಾಗ ರೋಗಿಯ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ವಯಸ್ಕರಲ್ಲಿ ಅದು 24 ಅಥವಾ ಹೆಚ್ಚಾದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

2. ಬೆರಳಿಗೆ ಹಾಕುವ ಆಕ್ಸಿಮೀಟರಿನಲ್ಲಿ ಆಮ್ಲಜನಕದ ಪ್ರಮಾಣ ಶೇ. 94ಕ್ಕಿಂತ ಕಡಿಮೆಯಾದರೂ ತಡಮಾಡಬಾರದು.

3. ವೃದ್ಧರು, ಗರ್ಭಿಣಿಯರು, ಸಕ್ಕರೆ ಕಾಯಿಲೆ ಇರುವವರು ಜ್ವರ ಬಂದ ಮೊದಲ ದಿನವೇ ವೈದ್ಯರನ್ನು ಕಾಣಬೇಕು.

4. ಡೆಕ್ಸಾಮೆಥಸೋನಿನಂಥ ಔಷಧಿಗಳನ್ನು ಅಂಗಡಿಯಿಂದ ತಂದು ತಾವಾಗಿಯೇ ಸೇವಿಸಬಾರದು.

ಗದ್ದೆಗೆ ಇಳಿದು ಪೈರನ್ನೇ ನೋಡುವ ರೈತ ಬಾಂಧವರು ಕಾಯಿಲೆಯ ಸಮಯದಲ್ಲಿಯೂ ಕಾಗದದ ಅಂಕಿಗಿಂತ ಮೊದಲು ರೋಗಿಯ ಉಸಿರನ್ನು ನೋಡಿದರೆ ಜೀವ ಉಳಿಸಿಕೊಳ್ಳಲು ಸಾಧ್ಯ.