ತಂಪು ಮಾಡಿದರೆ ಕೂಸಿನ ಮಿದುಳು ಉಳಿಯುತ್ತದೆಯೇ?

ಹುಟ್ಟುವಾಗ ಆಮ್ಲಜನಕ ಸಾಲದೆ ಒದ್ದಾಡಿದ ಕೂಸು. ಅಳುವಿಲ್ಲ, ಕೈಕಾಲು ಒದ್ದೆ ಬಟ್ಟೆಯಂತೆ ಜೋತುಬಿದ್ದಿವೆ. ಶ್ರೀಮಂತ ದೇಶಗಳಲ್ಲಿ ಇಂಥ ಮಗುವನ್ನು 6 ಗಂಟೆಯೊಳಗೆ ತಂಪು ಹಾಸಿಗೆಯ ಮೇಲೆ ಮಲಗಿಸಿ, ಮೈಶಾಖವನ್ನು 33.5 ಡಿಗ್ರಿಗೆ ಇಳಿಸಿ, 72 ಗಂಟೆ ಹಾಗೇ ಇಡುತ್ತಾರೆ. ಅಲ್ಲಿ ಅದು ಜೀವ ಉಳಿಸಿದೆ, ಮಿದುಳನ್ನೂ ಕಾಪಾಡಿದೆ. ಹಾಗಾದರೆ ನಮ್ಮಲ್ಲೂ ಕಣ್ಣುಮುಚ್ಚಿ ಮಾಡಬಹುದಲ್ಲ? ಬೇಡ ಎನ್ನುತ್ತದೆ, 2021ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ನಲ್ಲಿ ಬಂದ ಹೀಲಿಕ್ಸ್ ಅಧ್ಯಯನ. ಭಾರತ, ಶ್ರೀಲಂಕಾ, ಬಾಂಗ್ಲಾದೇಶದ 7 ದೊಡ್ಡ ಆಸ್ಪತ್ರೆಗಳ 408 ಶಿಶುಗಳು ಅದರಲ್ಲಿದ್ದವು. ನಮ್ಮ ಬೆಂಗಳೂರಿನ ಕೂಸುಗಳೂ ಇದ್ದವು. ಸುಮಾರು ಅರ್ಧ ಕೂಸುಗಳನ್ನು ತಂಪು ಮಾಡಿ, ಉಳಿದರ್ಧವನ್ನು ಮಾಡದೆ ಹೋಲಿಸಿದರು. ತಂಪು ಮಾಡಿದ ಗುಂಪಿನಲ್ಲಿ 84 ಸಾವು, ಮಾಡದ ಗುಂಪಿನಲ್ಲಿ 63. ಬದುಕುಳಿದವರ ಲೆಕ್ಕ ಸೇರಿಸಿ ನೋಡಿದರೂ, ಸಾವು ಅಥವಾ ಮಧ್ಯಮ ಇಲ್ಲವೇ ತೀವ್ರ ವೈಕಲ್ಯ ಕಡಿಮೆಯಾಗಿರಲಿಲ್ಲ.

ಉಪಕರಣ ಸರಿಯಿರಲಿಲ್ಲವೇನೋ ಎನ್ನಬಹುದು. ಆದರೆ ಬಳಸಿದ್ದು ತಾಪಮಾನವನ್ನು ತಾನೇ ಹದದಲ್ಲಿಡುವ ಯಂತ್ರ, ಅದೂ ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳಲ್ಲಿ. ಇಲ್ಲಿನ ಕೂಸುಗಳ ಮಿದುಳಿಗೆ ಪೆಟ್ಟು ಬೀಳುವ ಹೊತ್ತು, ಬಗೆ ಎರಡೂ ಬೇರೆಯಿರಬಹುದು ಎಂಬುದು ಸಂಶೋಧಕರ ಊಹೆ. ಆ ಚರ್ಚೆ ಇನ್ನೂ ಮುಗಿದಿಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರವಾದದ್ದು: ಚಿಕಿತ್ಸೆ ಕೈಯಲ್ಲಿದ್ದೂ ಅರ್ಧ ಕೂಸುಗಳಿಗೆ ಕೊಡದಿರುವುದು ನ್ಯಾಯವೇ? ಚೀಟಿ ಎತ್ತಿದಂತೆ ಮಕ್ಕಳನ್ನು ಹಂಚುವುದು ಕ್ರೂರವಾಗಿಯೇ ಕೇಳಿಸುತ್ತದೆ, ಹೆತ್ತವರಿಗಂತೂ ಕರುಳು ಹಿಂಡುತ್ತದೆ. ಆದರೆ ಹಾಗೆ ಹಂಚಿ ಹೋಲಿಸದೇ ಹೋಗಿದ್ದರೆ, ಆ ಹೆಚ್ಚಿನ ಸಾವುಗಳು ‘ಕೂಸೇ ದುರ್ಬಲವಾಗಿತ್ತು’ ಎಂಬ ಮಾತಿನಡಿ ಮುಚ್ಚಿಹೋಗುತ್ತಿದ್ದವು; ತಂಪು ಹಾಸಿಗೆಗಳು ಜಿಲ್ಲಾಸ್ಪತ್ರೆಗಳಿಗೂ ಬಂದಿರುತ್ತಿದ್ದವು.